ಅವಳನ್ನೇನು ಕೇಳುವುದು?

ಆಸ್ಪತ್ರೆಯ ಕಥೆಯನ್ನು ಕಾಯಿಲೆ ಬಿದ್ದು ಎದ್ದವರು ಹೇಳುವುದು ವಾಡಿಕೆ. ನನಗೆ ಕಾಯಿಲೆಯೇ ಇರಲಿಲ್ಲ, ಗುಂಡುಕಲ್ಲಿನ ಹಾಗಿದ್ದೆ. ಹಾಗಿದ್ದೂ ಮದರಾಸಿನ ಸರ್ಕಾರಿ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನಲ್ಲಿ ಅಂಗಾತ ಮಲಗಿ ಹಲ್ಲು ಕಚ್ಚಿ ದಿನ ನೂಕಿದ್ದೇನೆ. ನನ್ನ ಎರಡೂ ತೊಡೆಗಳ ಚರ್ಮವನ್ನು ಹಾಳೆ ಹಾಳೆಯಾಗಿ ತೆಗೆದು, ಸುಟ್ಟುಕೊಂಡ ನನ್ನ ತಮ್ಮನ ಬೆನ್ನಿಗೆ ಹಾಕಿದ್ದರು.

ಇಷ್ಟು ವರ್ಷ ಇದನ್ನು ಬರೆಯಲಿಲ್ಲ. ಈಗ ಬರೆಯುವುದಕ್ಕೆ ಕಾರಣ ಪಕ್ಕದ ಫ್ಲಾಟಿನ ಹುಡುಗಿ. ನಾನಿರುವುದು ವೇಲಚೇರಿಯಲ್ಲಿ. ಮೊದಲು ನೋಡಿದಾಗ ಕೆರೆಯೂ ಗದ್ದೆಯೂ ಇದ್ದ ಜಾಗ. ಈಗಲೂ ದೊಡ್ಡ ಮಳೆ ಬಂದರೆ ನೀರು ತನ್ನ ಹಳೆಯ ಮನೆ ಹುಡುಕಿಕೊಂಡು ನಮ್ಮ ಮೆಟ್ಟಿಲವರೆಗೆ ಬರುತ್ತದೆ. ಹುಡುಗಿಯ ತಮ್ಮನಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ಪೋರೂರಿನ ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಮುಗಿದು, ಇವಳದು ಹೊಂದುತ್ತದೆ ಎಂದಾಗಿದೆ. ನಾನು ಚರ್ಮ ಕೊಟ್ಟ ಸುದ್ದಿ ಹೇಗೋ ತಿಳಿದು, ಮೊನ್ನೆ ತಾಯಿಯ ಜೊತೆ ಬಂದು ನನ್ನ ಎದುರು ಕೂತು, "ಪಾಟಿ, ರೊಂಬ ವಲಿಕ್ಕುಮಾ?" ಎಂದಳು. ಅಜ್ಜಿ, ತುಂಬ ನೋಯುತ್ತದಾ ಎಂದು. ಇಲ್ಲಿಯ ನಮ್ಮವರ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ನಾಲಿಗೆ ಮಾತ್ರ ತಮಿಳಿನದು.

ಉತ್ತರ ಹೇಳುವ ಮೊದಲು ನನ್ನ ತಲೆಯಲ್ಲಿ ಓಡಿದ್ದನ್ನು ಇಲ್ಲಿ ಬರೆಯುತ್ತೇನೆ.

ನಮ್ಮದು ಕುಂದಾಪುರದ ಕಡೆಯ ಮನೆತನ. ಅಪ್ಪಯ್ಯ ಸಣ್ಣ ವಯಸ್ಸಿನಲ್ಲೇ ಮದರಾಸಿಗೆ ಬಂದು ಲೋಟ ತೊಳೆದು, ಇಡ್ಲಿ ಬೇಯಿಸಿ, ಕಡೆಗೆ ತಿರುವಲ್ಲಿಕೇಣಿಯಲ್ಲಿ ಸ್ವಂತ ಹೋಟೆಲು ಇಟ್ಟವರು. ನನ್ನನ್ನು ಊರಿನ ಶಾಲಾಮಾಸ್ತರರೊಬ್ಬರಿಗೆ ಕೊಟ್ಟಿದ್ದರು. ಮದುವೆಯಾದ ಎರಡನೇ ಮಳೆಗಾಲದಲ್ಲಿ ಅವರು ಜ್ವರದಲ್ಲಿ ತೀರಿಕೊಂಡರು. ನಾನು ಬೋಳು ಹಣೆಯಲ್ಲಿ ತವರಿಗೆ ಮರಳಿದೆ, ಆಗ ನನಗೆ ಇಪ್ಪತ್ತೂ ತುಂಬಿರಲಿಲ್ಲ.

ಬೆಳಗ್ಗೆ ಅಪ್ಪಯ್ಯ ಹೋಟೆಲಿಗೆ ಹೊರಡುವಾಗ ನಾನು ಎದುರು ಬರಬಾರದು ಎಂಬುದು ಮನೆಯ ಕಾನೂನು. ಅವರು ಚಪ್ಪಲಿ ಮೆಟ್ಟುವ ಸದ್ದಾದರೆ ನಾನು ಅಡಿಗೆಮನೆಯ ಬಾಗಿಲ ಹಿಂದೆ. ಅಮ್ಮ ಇದನ್ನು ಸಿಟ್ಟಿನಿಂದ ಹೇಳಿದವಳಲ್ಲ. ಮಳೆ ಬರುವ ಹಾಗಿದೆ, ಕೊಡೆ ತೆಗೆದುಕೋ ಎನ್ನುವಷ್ಟೇ ಸಹಜವಾಗಿ ಹೇಳಿದವಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಇದಕ್ಕೆ ಏನು ಹೇಳುವುದು?

ಆ ಮನೆಯಲ್ಲಿ ನನ್ನನ್ನು ಮನುಷ್ಯಳಂತೆ ಕಂಡು ತಮಾಷೆ ಮಾಡುತ್ತಿದ್ದವನು ತಮ್ಮ ವಾಸು ಒಬ್ಬನೇ. ಸಾರಿಗೆ ಉಪ್ಪು ಕಡಿಮೆಯಾದರೆ, "ಅಕ್ಕಾ, ಸಮುದ್ರ ಇಲ್ಲೇ ಹತ್ರ ಇತ್ತಲೆ, ಒಂದ್ ಚೆಂಬ್ ತಪ್ಪುಕೆ ಆಯ್ಲಿಲ್ಯಾ?" ಎನ್ನುತ್ತಿದ್ದ, ಒಂದು ಚೆಂಬು ತರಲಾಗಲಿಲ್ಲವೇ ಎಂದು. ಅವನ ಹೆಂಡತಿ ನಾಗವೇಣಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ನನ್ನ ದಿನದಲ್ಲಿ ನಗು ಅಂತ ಇದ್ದರೆ ಅದು ಅವನು ಊಟಕ್ಕೆ ಕೂತ ಹೊತ್ತು.

ಅರವತ್ತರ ದಶಕದ ನಡುವಿನ ಮಾತು. ಅಂಬತ್ತೂರಿನಲ್ಲಿ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದವು. ಅವುಗಳಲ್ಲಿ ಒಂದರ ಕ್ಯಾಂಟೀನು ಅಪ್ಪಯ್ಯನ ಪಾಲಿಗೆ ಬಂತು. ನಿಂತು ನಡೆಸುತ್ತಿದ್ದವನು ವಾಸು. ಒಂದು ಮಧ್ಯಾಹ್ನ ಕುದಿಯುವ ಸಾಂಬಾರಿನ ದೊಡ್ಡ ಪಾತ್ರೆಯನ್ನು ಇಬ್ಬರು ಒಲೆಯಿಂದ ಇಳಿಸುತ್ತಿದ್ದಾಗ ಒಂದು ಕಡೆಯ ಹಿಡಿ ಕಳಚಿತು. ಪಕ್ಕದಲ್ಲಿ ಬಗ್ಗಿ ಎಲೆ ಎಣಿಸುತ್ತಿದ್ದ ವಾಸುವಿನ ಬೆನ್ನು, ಸೊಂಟ, ಕಾಲುಗಳ ಮೇಲೆ ಅಷ್ಟೂ ಸಾಂಬಾರು ಸುರಿಯಿತು.

ಅಪ್ಪಯ್ಯ ಅಲ್ಲೇ ಇದ್ದರು. ಹೋಟೆಲಿನವರ ಮದ್ದು ಅವರಿಗೆ ಗೊತ್ತಿತ್ತು. ಕೈ ಸುಟ್ಟರೆ, ಕಾಲು ಸುಟ್ಟರೆ ನಮ್ಮ ಭಟ್ಟರು ಮೊದಲು ಓಡುವುದು ದೋಸೆ ಹಿಟ್ಟಿನ ಪಾತ್ರೆಗೆ. ಬೆರಳು ಸುಟ್ಟರೆ ಒಂದು ಸೌಟು ಸಾಕು. ಇಲ್ಲಿ ಒಂದು ಪಾತ್ರೆಯನ್ನೇ ಕವುಚಿದರು. ಹುಳಿ ಬಂದ ತಣ್ಣನೆಯ ಹಿಟ್ಟು ಬಿದ್ದಾಗ ವಾಸು, "ಹಾ, ತಣ್ಣಗಾಯ್ತ್ ಅಪ್ಪಯ್ಯ" ಎಂದನಂತೆ. ಅಪ್ಪಯ್ಯ ಈ ಮಾತನ್ನು ಸಾಯುವವರೆಗೆ ಸಾಕ್ಷಿಯಂತೆ ಹೇಳಿಕೊಂಡು ತಿರುಗಿದರು.

ವ್ಯಾನಿನಲ್ಲಿ ಹಾಕಿಕೊಂಡು ಮನೆಗೆ ತಂದರು, ಆಸ್ಪತ್ರೆಗಲ್ಲ. "ಇಂಥದ್ ಎಷ್ಟ್ ಕಂಡಿದೆ ನಾನ್. ಹಿಟ್ಟ್ ಒಣಗದ ಹಾಂಗ್ ಕಂಡ್ಕೊಂಡ್ರೆ ಸೈ" ಎಂದರು. ಹಿಟ್ಟು ಒಣಗಿ ಬಿರಿದ ಕಡೆ ಮತ್ತೆ ಹಿಟ್ಟು. ನಡುಮನೆಯೆಲ್ಲ ಹುಳಿ ವಾಸನೆ. ಎರಡು ದಿನ ಕಳೆಯುವಷ್ಟರಲ್ಲಿ ಆ ವಾಸನೆಯ ಅಡಿಯಿಂದ ಬೇರೊಂದು ವಾಸನೆ ಎದ್ದಿತು. ವಾಸು ಜ್ವರದಲ್ಲಿ ಯಾರು ಯಾರನ್ನೋ ಕರೆಯತೊಡಗಿದ. ನಾಗವೇಣಿ ತೊಟ್ಟಿಲ ಕೂಸನ್ನು ನನ್ನ ಮಡಿಲಿಗೆ ಹಾಕಿ, ಮಾವನ ಎದುರು ಎಂದೂ ಬಾಯಿಬಿಡದವಳು, "ಈಗ್ಲೇ ಆಸ್ಪತ್ರೆಗ್ ಕರ್ಕ ಹೋಯ್ಕ್, ಇಲ್ದಿದ್ರೆ ನಾನೇ ರಿಕ್ಷಾ ಕರಿತೆ" ಎಂದು ಕಿರುಚಿದಳು.

ಆಸ್ಪತ್ರೆಯಲ್ಲಿ ಆ ಹಿಟ್ಟನ್ನು ಕೆರೆದು ತೆಗೆಯುವಾಗ ನಾನು ಹೊರಗೆ ಗೋಡೆ ಹಿಡಿದು ನಿಂತಿದ್ದೆ. ನರ್ಸು ಬಾಗಿಲಿಗೆ ಬಂದು, "ಯಾರ್ ಇದೈ ಪೋಟ್ಟದು? ದೋಸೈ ಮಾವಾ?" ಎಂದು ಗದರಿಸಿದಳು. ಯಾರು ಇದನ್ನು ಹಾಕಿದ್ದು, ದೋಸೆ ಹಿಟ್ಟಾ ಎಂಬುದು ಎಲ್ಲರಿಗೂ ಅರ್ಥವಾಯಿತು. ಅಪ್ಪಯ್ಯ ಕಿಟಕಿಯ ಹೊರಗೆ ನೋಡುತ್ತಿದ್ದರು. ಒಳಗೆ ನನ್ನ ತಮ್ಮ ಕೂಗುತ್ತಿದ್ದ ಕೂಗನ್ನು ಬರೆಯಲು ನನಗೆ ಅಕ್ಷರ ಸಿಗುವುದಿಲ್ಲ.

ಮುಂದಿನ ಕೆಲವು ದಿನಗಳಲ್ಲಿ ಅವನು ಕರಗಿ ಹೋದ. ಬೆನ್ನು ಪೂರ್ತಿ ತೆರೆದ ಗಾಯ, ಅದರಿಂದ ಸದಾ ನೀರು. ಡಾಕ್ಟರು ಹಿರಿಯರು, ನಿಧಾನವಾಗಿ ಮಾತಾಡುವವರು. ನಮ್ಮನ್ನೆಲ್ಲ ವರಾಂಡಾದಲ್ಲಿ ನಿಲ್ಲಿಸಿ ತಮಿಳಿನಲ್ಲಿ ಬಿಡಿಸಿ ಹೇಳಿದರು: ಇವನ ಮೈಯಿಂದಲೇ ಚರ್ಮ ತೆಗೆಯುವಷ್ಟು ಶಕ್ತಿ ಈಗ ಇವನಲ್ಲಿ ಇಲ್ಲ. ಹತ್ತಿರದವರು ಯಾರಾದರೂ ಕೊಟ್ಟರೆ ಅದನ್ನು ಹೊದಿಸುತ್ತೇನೆ. ಅದು ನಿಲ್ಲುವುದಿಲ್ಲ, ಕೆಲವು ವಾರದಲ್ಲಿ ಉದುರುತ್ತದೆ, ಅದು ಎರವಲು ಹೊದಿಕೆ. ಅಷ್ಟರೊಳಗೆ ಅವನು ಚೇತರಿಸಿಕೊಂಡರೆ ಅವನದೇ ಚರ್ಮ ಹಾಕಿ ಉಳಿಸಿಕೊಳ್ಳಬಹುದು. ಇದನ್ನು ಅವರು ಎರಡು ಸಲ ಹೇಳಿದರು. ಎಲ್ಲರೂ ತಲೆಯಾಡಿಸಿದರು.

ಡಾಕ್ಟರು ನಾಲ್ಕು ಹೆಜ್ಜೆ ಆಚೆ ಹೋದ ಮೇಲೆ ಬೆಕ್ಕಿಗೆ ಗಂಟೆ ಕಟ್ಟುವ ಪ್ರಶ್ನೆ. ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ, ಅವರದು ಆಗದು ಎಂದು ಮೊದಲೇ ಹೇಳಿದ್ದರು. ಮಾಂಬಲದಲ್ಲಿ ಬೇರೆ ಹೋಟೆಲು ನಡೆಸುತ್ತಿದ್ದ ನಮ್ಮ ದೊಡ್ಡಣ್ಣ ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಂಡು, "ನಂದ್ ನಿಂತ್ಕಂಡ್ ಮಾಡು ಕೆಲ್ಸ ಅಪ್ಪಯ್ಯ. ತೊಡಿ ಚರ್ಮ ತೆಗ್ದ್ರೆ ಗಲ್ಲಾದಗೆ ಯಾರ್ ಕೂಕಂತ್ರ್?" ಎಂದ. ನಿಂತು ಮಾಡುವ ಕೆಲಸಕ್ಕೂ ಗಲ್ಲಾದಲ್ಲಿ ಕೂರುವುದಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ನಾಗವೇಣಿ "ನಾನ್ ಕೊಡ್ತೆ" ಎಂದು ಡಾಕ್ಟರ ಹಿಂದೆಯೇ ಓಡಿದಳು. ಅವರು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲ, ಎದೆಹಾಲು ಬೇರೆ ಕುಡಿಸುತ್ತೀಯ, ನಿನ್ನದು ಬೇಡ ಎಂದು ಕಳಿಸಿದರು.

ಆಗ ಅಮ್ಮ ಹೇಳಿದಳು, "ವಾರಿಜ ಇತ್ತಲೆ."

ವಾರಿಜ ಅಂದರೆ ನಾನು. ಅಟ್ಟದ ಮೇಲೆ ಹಳೆಯ ಹಗ್ಗ ಒಂದು ಇದೆಯಲ್ಲ ಎನ್ನುವ ಧಾಟಿ. ಅಪ್ಪಯ್ಯ ಏನೋ ಗೊಣಗಿದರು. ಅಮ್ಮ ಸ್ವರ ತಗ್ಗಿಸಿ, "ಅದ್ರ ಮೈ ಇನ್ನ್ ಯಾರ್ ಕಾಂಬುಕಿತ್ತ್?" ಎಂದಳು, ಅವಳ ಮೈಯನ್ನು ಇನ್ನು ಯಾರು ನೋಡುವುದಿದೆ ಎಂದು. ಸ್ವರ ತಗ್ಗಿಸಿದ್ದು ಡಾಕ್ಟರಿಗೆ ಕೇಳಬಾರದೆಂದು. ನಾನು ಅವಳಿಗೆ ಕೈಯಳತೆಯಲ್ಲಿದ್ದೆ.

ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತೇನೆ, ತಪ್ಪು ತಿಳಿಯಬಾರದು. ನನಗೆ ಕೊಡುವ ಮನಸ್ಸಿತ್ತು. ಡಾಕ್ಟರು "ಹತ್ತಿರದವರು" ಎಂದ ಕೂಡಲೇ ನನ್ನ ಎದೆಯಲ್ಲಿ 'ನಾನು' ಎಂದಾಗಿತ್ತು. ದೊಡ್ಡವರ ಎದುರು ಮಾತಾಡಿ ಅಭ್ಯಾಸವಿಲ್ಲದ ಬಾಯಿ ತೆರೆದುಕೊಳ್ಳಲು ತುಸು ಹೊತ್ತು ಬೇಕಿತ್ತು. ಆ ಹೊತ್ತನ್ನು ಯಾರೂ ಕೊಡಲಿಲ್ಲ. ಬೆಳಗ್ಗೆ ಎದುರು ಬಂದರೆ ಕೆಲಸ ಕೆಡಿಸುವ ಮೈ, ಮಗನ ಬೆನ್ನಿಗೆ ಅಂಟಿಸುವುದಕ್ಕೆ ಆಗುತ್ತದೆ ಎಂಬುದು ಮಾತ್ರ ಅಂದು ನನಗೆ ತಿಳಿಯಿತು.

ಆಪರೇಷನ್ನಿಗೆ ಕರೆದೊಯ್ಯುವ ಮುಂಚೆ ನರ್ಸು ಬಂದು ನನ್ನ ಕಡೆ ತಿರುಗಿ, "ಉಂಗಳುಕ್ಕು ಸಮ್ಮದಮಾಮ್ಮಾ?" ಎಂದು ಕೇಳಿದಳು. ನಿಮಗೆ ಒಪ್ಪಿಗೆಯೇ ಎಂದು. ಅಮ್ಮ ತನ್ನ ಅರೆಗನ್ನಡದ ತಮಿಳಿನಲ್ಲಿ, "ಅವಳೈ ಎನ್ನ ಕೇಕ್ಕರದು? ಎಂಗ ವೀಟ್ಟು ಪೊಣ್ಣು ತಾನೇ" ಎಂದು ನಡುವೆ ಬಂದಳು. ಅವಳನ್ನೇನು ಕೇಳುವುದು, ನಮ್ಮ ಮನೆಯ ಹೆಣ್ಣು ತಾನೇ. ನರ್ಸು ಒಂದು ಗಳಿಗೆ ನನ್ನ ಮುಖ ನೋಡಿದಳು. ಅವಳಿಗೆ ನೂರು ಕೆಲಸ. ತಲೆಯಾಡಿಸಿ ಹೋದಳು.

ಅವಳು ಇನ್ನೊಂದು ಸಲ ಕೇಳಿದ್ದರೆ ನಾನು ಹೂಂ ಅನ್ನುತ್ತಿದ್ದೆ. ಆ ಹೂಂ ನನ್ನದಾಗಿರುತ್ತಿತ್ತು.

ನೋವಿನ ವಿಷಯ. ಎಚ್ಚರವಾದಾಗ ಎರಡೂ ತೊಡೆಗೆ ಯಾರೋ ಕೆಂಡ ಕಟ್ಟಿದ್ದಾರೆ ಅನಿಸಿತು. ಚರ್ಮ ತೆಗೆದ ಜಾಗ ಸುಟ್ಟ ಗಾಯಕ್ಕಿಂತ ಹೆಚ್ಚು ಉರಿಯುತ್ತದೆ ಎಂದು ಯಾರೂ ಹೇಳಿರಲಿಲ್ಲ. ಬಟ್ಟೆ ಗಾಯಕ್ಕೆ ಅಂಟಿಕೊಂಡು ಒಣಗುತ್ತದೆ. ಮಗ್ಗುಲಾದರೆ ಜೀವ ಬಾಯಿಗೆ ಬರುತ್ತದೆ, ಕೆಮ್ಮಿದರೂ ಅಷ್ಟೇ. ನಾನು ಅತ್ತೆ. ನೋವಿಗೆ ಅತ್ತೆ, ಸುಮ್ಮನೆ ಇಲ್ಲದ ಧೈರ್ಯ ಹೇಳುವುದಿಲ್ಲ.

ಪಕ್ಕದ ಹಾಸಿಗೆಯಲ್ಲಿ ಮುನಿಯಮ್ಮ ಎಂಬ ಮೀನು ಮಾರುವ ಹೆಂಗಸು ಕಾಲು ಮುರಿದುಕೊಂಡು ಮಲಗಿದ್ದಳು. ನನಗೆ ಏನು ಕಾಯಿಲೆ ಎಂದು ಕೇಳಿದಳು. ಏನೂ ಇಲ್ಲ ಎಂದೆ. "ಹಾಗಾದ್ರೆ ಇಲ್ಲಿಗೆ ಯಾಕೆ ಬಂದೆ, ಮದುವೆ ಊಟಕ್ಕಾ?" ಎಂದು ತಮಿಳಿನಲ್ಲಿ ಹಾಸ್ಯ ಮಾಡಿದಳು. ವಿಷಯ ಹೇಳಿದೆ. ಅವಳ ನಗು ನಿಂತಿತು. ಕೈಯಲ್ಲಿದ್ದ ತಾಳೆಗರಿಯ ಬೀಸಣಿಗೆಯನ್ನು ಉದ್ದಕ್ಕೆ ಚಾಚಿ, ತನ್ನ ಹಾಸಿಗೆಯಿಂದಲೇ ನನಗೆ ಗಾಳಿ ಹಾಕತೊಡಗಿದಳು. ಅವಳನ್ನು ನೋಡಲು ಯಾರೂ ಬರುತ್ತಿರಲಿಲ್ಲ. ನನ್ನನ್ನು ನೋಡಲೂ ಯಾರೂ ಬರುತ್ತಿರಲಿಲ್ಲ. ಸಂಜೆ ಗಂಟೆ ಹೊಡೆದ ಕೂಡಲೇ ನಮ್ಮ ಬಂಧುಬಳಗದ ದನಿಗಳು ನನ್ನ ವಾರ್ಡಿನ ಬಾಗಿಲು ದಾಟಿ ಮೇಲಿನ ಮಹಡಿಗೆ, ವಾಸುವಿನ ಹತ್ತಿರ ಹೋಗುತ್ತಿದ್ದವು. ಯಾರ ದನಿ ಯಾವುದು ಎಂದು ನನಗೆ ಗೊತ್ತಾಗುತ್ತಿತ್ತು. "ಒಂದು ದಿನವಾದರೂ ಒಳಗೆ ಇಣುಕಿದ್ರಾ ನೋಡು" ಎಂದು ಮುನಿಯಮ್ಮ ನನ್ನ ಪರವಾಗಿ ಬೈಯುತ್ತಿದ್ದಳು. ನನ್ನ ಪರವಾಗಿ ಯಾರಾದರೂ ಬೈದದ್ದು ಅದೇ ಮೊದಲು.

ಅಮ್ಮ ಒಂದು ದಿನ ಬಂದಳು. ಹಾಸಿಗೆ ಮುಟ್ಟದೆ ದೂರ ನಿಂತಳು. ನೋವು ಹೇಗಿದೆ ಎಂದು ಕೇಳುತ್ತಾಳೆಂದು ಕಾದೆ.

"ಯಾರ್ ಕೇಂಡ್ರೂ ವಾಸುನ ಕಾಂಬುಕೆ ಬಂದ್ ಜಾರಿ ಬಿದ್ದೆ ಅನ್ನ್. ಚರ್ಮ ಕೊಟ್ಟದ್ದ್ ನಾಗವೇಣಿ ಅಂದಿತ್ ನಾವ್ ಎಲ್ಲರಿಗೂ."

"ಎಂಥಕ್ಕಮ್ಮಾ?"

"ಮುತ್ತೈದಿ ಕೊಟ್ಟದ್ದ್ ಅಂದ್ರೆ ಕೇಂಬುಕೂ ಚಂದ. ನಿಂದ್ ಅಂದ್ರೆ ಜನ ಎಂತ ಹೇಳ್ತ್ರ್? ಅವ್ನಿಗೂ ಮನಸ್ಸಿಗ್ ಒಂದ್ ನಮೂನಿ ಆತ್ತ್."

ಅಷ್ಟು ಹೇಳಿ ಹೋದಳು. ಮುನಿಯಮ್ಮ "ಅಮ್ಮ ಏನಂದರು?" ಎಂದು ಕೇಳಿದಳು. "ಬೇಗ ಗುಣವಾಗಲಿ ಅಂದರು" ಎಂದೆ. ಅವಳು ನಂಬಲಿಲ್ಲ, ಬೀಸಣಿಗೆ ಮಾತ್ರ ಜೋರಾಯಿತು.

ನಾನು ಮನೆಗೆ ಬಂದಾಗ ನಾಗವೇಣಿ ಜನರ ಬಾಯಲ್ಲಿ ಮಹಾಸತಿಯಾಗಿಬಿಟ್ಟಿದ್ದಳು. ಗಂಡನಿಗೆ ತೊಡೆಯ ಚರ್ಮ ಕೊಯ್ದುಕೊಟ್ಟ ಪತಿವ್ರತೆ ಎಂದು ಊರಿನ ಕಡೆಯ ಹೋಟೆಲಿನವರೆಲ್ಲ ಬಂದು ನೋಡಿ ಹೋಗುತ್ತಿದ್ದರು. ಅವಳಿಗೆ ಕೆಂಪಂಚಿನ ರೇಷ್ಮೆ ಸೀರೆ ಉಡುಗೊರೆ ಬಂತು. ಪಾಪ, ಅವಳು ತಲೆ ತಗ್ಗಿಸಿ ಕೂತಿರುತ್ತಿದ್ದಳು. ಅದನ್ನೂ ಜನ ವಿನಯ ಎಂದು ಹೊಗಳಿದರು. ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿಕೊಂಡು ನನ್ನ ತೊಡೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು, ನಿತ್ಯ, ಒಂದು ದಿನ ತಪ್ಪದೆ. ಆ ಸೀರೆಯನ್ನು ನನ್ನ ಪೆಟ್ಟಿಗೆಯಲ್ಲಿ ಇಟ್ಟು, "ಇದ್ ನಿಮ್ದ್ ಅತ್ತಿಗೆ" ಎಂದಳು. ನಾನು ಉಡುವಂತಿರಲಿಲ್ಲ. ಅವಳಿಗೂ ಅದು ಗೊತ್ತಿತ್ತು.

ಡಾಕ್ಟರು ಹೇಳಿದ ಹಾಗೇ ಆಯಿತು. ಆ ಹೊದಿಕೆಯ ಅಡಿಯಲ್ಲಿ ವಾಸು ಚೇತರಿಸಿಕೊಂಡ. ಜ್ವರ ಬಿಟ್ಟಿತು, ಗಂಜಿ ಇಳಿಯಿತು, ನಾಗವೇಣಿಯ ಹೆಸರು ಹಿಡಿದು ಕರೆದ. ಆಮೇಲೆ ನನ್ನ ಚರ್ಮ ಕಪ್ಪಾಗಿ, ಒಣಗಿ, ತುಣುಕು ತುಣುಕಾಗಿ ಉದುರಿತು. ಅವನದೇ ಚರ್ಮ ತೆಗೆದು ಹಾಕಿದರು, ಅದು ಹಿಡಿಯಿತು. ತಮ್ಮ ಬದುಕಿದ.

ಉದುರಿದ ಸುದ್ದಿ ಬಂದ ದಿನ ಅಮ್ಮ ನಡುಮನೆಯಲ್ಲಿ, ನನಗೆ ಕೇಳುವ ಹಾಗೆ ಹೇಳಿದಳು: "ಗಂಡನ್ನೇ ಹಿಡ್ಕಂಬುಕೆ ಆಯ್ಲಿಲ್ಲೆ ಅದ್ರ ಹತ್ರ. ಚರ್ಮ ಹಿಡಿತ್ತಾ?" ಬೆನ್ನ ಮೇಲೆ ಇರುವವರೆಗೆ ಅದು ಸೊಸೆಯದು, ಉದುರಿದಾಗ ನನ್ನದು. ಡಾಕ್ಟರು ಎರಡೆರಡು ಸಲ ಹೇಳಿದ್ದು ಯಾರಿಗೂ ನೆನಪಿರಲಿಲ್ಲ. ನೆನಪು ಅವರವರ ಅನುಕೂಲಕ್ಕೆ ಇರುತ್ತದೆ.

ವಾಸು ಮನೆಗೆ ಬಂದ ದಿನ ಹೊಸ್ತಿಲಲ್ಲಿ ಆರತಿ. ಗಾಡಿ ನಿಂತ ಸದ್ದಾಯಿತು. ನನ್ನ ಕಾಲು ತಾನಾಗಿ ಬಾಗಿಲ ಕಡೆ ನಡೆಯಿತು. ಅಮ್ಮ ಕುಂಕುಮದ ನೀರಿನ ತಟ್ಟೆ ಹಿಡಿದು ತಿರುಗಿ, "ನೀ ಒಳಗ್ ಇರ್. ಮಾಣಿ ಸತ್ ಬದ್ಕಿ ಬತ್ತಿತ್ತ್" ಎಂದಳು. ಹುಡುಗ ಸತ್ತು ಬದುಕಿ ಬರುತ್ತಿದ್ದಾನೆ, ಎದುರು ನಿಲ್ಲಬೇಡ ಎಂದು. ನಾನು ನನ್ನ ಹಳೆಯ ಜಾಗಕ್ಕೆ, ಅಡಿಗೆಮನೆಯ ಬಾಗಿಲ ಹಿಂದೆ ಹೋಗಿ ನಿಂತೆ. ನಿಂತರೆ ತೊಡೆಯ ಹೊಸ ಚರ್ಮ ಬಿಗಿಯುತ್ತಿತ್ತು.

ಆರತಿ ಮುಗಿದು, ನಂಟರು ಮಾತಾಡಿಸಿ, ಕಡೆಗೆ ವಾಸು ಕೋಲೂರಿಕೊಂಡು ಅಡಿಗೆಮನೆಗೆ ಬಂದ. ಬಾಗಿಲಿಗೆ ಒರಗಿ ನಿಂತ.

"ಅಕ್ಕಾ, ನಂಗೆ ಗೊತ್ತಿತ್ತ್."

"ಎಂತದ್?"

"ಚರ್ಮ ನಿಂದ್ ಅಂತ. ಡಾಕ್ಟ್ರ್ ಹೇಳಿದ್ರ್ ಮೊದ್ಲೇ."

"ಮತ್ತೆ ಹೊರಗೆ ಅಷ್ಟ್ ಜನದ ಎದ್ರ್ ಎಂಥಕ್ ಹೇಳ್ಲಿಲ್ಲೆ?"

ಅವನು ನೆಲ ನೋಡಿದ. "ಅಮ್ಮನ ಎದ್ರ್ ಹೇಂಗ್ ಹೇಳುದ್ ಅಕ್ಕಾ?" ಎಂದ. ಆಮೇಲೆ, "ಒಂದ್ ಲೋಟ ಕಾಪಿ ಕೊಡ್" ಎಂದ.

ಕೊಟ್ಟೆ. ಅಮ್ಮನ ಮಾತುಗಳನ್ನು ನಾನು ಬರಬರುತ್ತಾ ಮರೆತೆ, ಅವಳು ಬೆಳೆದ ಕಾಲವೇ ಹಾಗಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಅಮ್ಮನ ಎದುರು ಹೇಗೆ ಹೇಳುವುದು ಎಂಬ ತಮ್ಮನ ಆ ಒಂದು ಮಾತನ್ನು ಮರೆಯಲಾಗಲಿಲ್ಲ. ತೊಡೆಯ ಉರಿ ಕೆಲವು ತಿಂಗಳಲ್ಲಿ ಹೋಯಿತು, ಇದು ಹೋಗಲಿಲ್ಲ. ಮುಂದಿನ ವರ್ಷ ನಾನು ಮನೆ ಬಿಟ್ಟೆ. ರೈಲ್ವೆಯಲ್ಲೂ ಬ್ಯಾಂಕಿನಲ್ಲೂ ಕೆಲಸಕ್ಕಿದ್ದ ನಮ್ಮ ಕಡೆಯ ಒಂಟಿ ಹುಡುಗರಿಗೆ ಊಟ ಹಾಕುವ ಒಂದು ಮೆಸ್ಸು ಇಟ್ಟೆ. ಬೆಳಗ್ಗೆ ಎದ್ದು ಬೀದಿಬಾಗಿಲು ತೆರೆಯುವವಳು ನಾನೇ, ಎಲ್ಲರಿಗೂ ಮೊದಲು ಎದುರಾಗುವವಳೂ ನಾನೇ. ಯಾರ ಕೆಲಸವೂ ಕೆಟ್ಟದ್ದು ಕಾಣಲಿಲ್ಲ.

ವಾಸು ಮುದುಕನಾಗುವವರೆಗೆ ಬದುಕಿದ. ಮಕ್ಕಳ ಮದುವೆ ಮಾಡಿದ, ಮೊಮ್ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ. ಆ ಮಕ್ಕಳು ನಗುವುದನ್ನು ಕಂಡಾಗಲೆಲ್ಲ, ಕೊಟ್ಟದ್ದು ಸರಿ ಎಂದೇ ನನಗೆ ಅನಿಸಿದೆ. ನಾನು ಕೊಟ್ಟ ಚರ್ಮ ಅವನ ಮೈಮೇಲೆ ಉಳಿಯಲಿಲ್ಲ, ಅದು ಇದ್ದದ್ದರಿಂದ ಅವನು ಉಳಿದ. ಬದುಕಿರುವವರು ಬದುಕಿರುವವರಿಗೆ ಕೊಡಬೇಕು. ಇದರಲ್ಲಿ ನನಗೆ ಆಗಲೂ ಸಂಶಯವಿರಲಿಲ್ಲ, ಈಗಲೂ ಇಲ್ಲ. ನನ್ನ ಸಿಟ್ಟು ಕೊಟ್ಟದ್ದಕ್ಕಲ್ಲ, ನನ್ನಿಂದ ತೆಗೆದುಕೊಂಡ ರೀತಿಗೆ.

ಪಕ್ಕದ ಮನೆಯ ಹುಡುಗಿ ಇನ್ನೂ ಕಾಯುತ್ತಿದ್ದಳು.

"ನೋಯುತ್ತದೆ ಮಗೂ. ನೋಯುವುದಿಲ್ಲ ಅನ್ನುವವರನ್ನು ನಂಬಬೇಡ. ಆ ನೋವು ಹೋಗುತ್ತದೆ" ಎಂದೆ. ಆಮೇಲೆ ಕೇಳಿದೆ, "ಕೊಡ್ತೀಯಾ ಅಂತ ನಿನ್ನ ಯಾರಾದ್ರೂ ಕೇಳಿದ್ರಾ?"

ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಅವಳ ತಾಯಿ ನಕ್ಕು, "ಅವಳನ್ನೇನ್ ಕೇಳೋದು ಅಜ್ಜಿ? ಸ್ವಂತ ಅಕ್ಕ ಅಲ್ವಾ" ಎಂದಳು.

ಕೆಟ್ಟ ಹೆಂಗಸಲ್ಲ. ಮಗನಿಗಾಗಿ ಅತ್ತು ಅತ್ತು ಕಣ್ಣು ಊದಿಸಿಕೊಂಡವಳು. ನಾನು ಅವಳ ಕಡೆ ನೋಡಲಿಲ್ಲ. ಹುಡುಗಿಯ ಮುಖವನ್ನೇ ನೋಡುತ್ತಾ ಕೂತೆ. ತುಂಬ ಹೊತ್ತಿನ ಮೇಲೆ ಅವಳು, "ಯಾರುಮೇ ಕೇಕ್ಕಲ ಪಾಟಿ" ಎಂದಳು. ಯಾರೂ ಕೇಳಲಿಲ್ಲ ಅಜ್ಜಿ ಎಂದು. ತಾಯಿಯ ನಗು ನಿಂತಿತು.

"ಹಾಗಾದ್ರೆ ಈಗ ನಾನ್ ಕೇಣ್ತೆ" ಎಂದೆ. "ಕೊಡ್ತ್ಯಾ? ಅವಸರ ಇಲ್ಲೆ, ಯೋಚ್ನಿ ಮಾಡಿ ಹೇಳ್. ಹೂಂ ಅಂದ್ರೆ ಆಸ್ಪತ್ರಿಗ್ ನಾನೂ ಬತ್ತೆ, ನಿನ್ನ ಹಾಸ್ಗಿ ಹತ್ರ ಕೂಕಂತೆ. ಬ್ಯಾಡ ಅಂದ್ರೂ ಈ ಮನಿಯಗ್ ನಿಂಗ್ ಊಟ ಇತ್ತ್."